ಅದರ ಪಾಡಿಗೆ ಅದು ಬೇಯುವಾಗ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರಲು ಹೊರಟ ಶಿಂಷಾ ನದಿಗೆ ಅಡ್ಡಲಾಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ಕಾಲದಲ್ಲಿ ಕಟ್ಟಿದ ಜಲಾಶಯವೊಂದುಂಟು. ಅದರ ವಿಶೇಷವೆಂದರೆ ಸ್ವಯಂಚಾಲಿತವಾದ ಸೈಫನ್ ವ್ಯವಸ್ಥೆ. ನೀರು ಗೊತ್ತಾದ ಮಟ್ಟವನ್ನು ಮೀರಿತೆಂದರೆ ಸೈಫನ್ನಿನ ಕೊರಳೊಳಗಿನ ಗಾಳಿ ಎಳೆದುಹೋಗಿ, ಹೆಚ್ಚಿದ ನೀರು ತಾನೇ ತಾನಾಗಿ ಭೋರ್ಗರೆದು ಹೊರಬೀಳುತ್ತದೆ. ಮಟ್ಟವಿಳಿದು ಗಾಳಿ ಮತ್ತೆ ಒಳಹೊಕ್ಕಿತೆಂದರೆ ಹರಿವು ತಾನಾಗಿಯೇ ನಿಲ್ಲುತ್ತದೆ. ನಡುರಾತ್ರಿಯಲ್ಲಿ ಮಳೆ ಸುರಿದರೂ ಎದ್ದು ಹೋಗಿ ಚಕ್ರ ತಿರುಗಿಸಿ ಬಾಗಿಲೆತ್ತುವವನು ಅಲ್ಲಿ ಬೇಕಾಗುವುದಿಲ್ಲ. ಆ ಕಟ್ಟೆಯ ಮೇಲೆ ನಿಂತ ಯಾರಿಗಾದರೂ ಸಹಜವಾಗಿ ಹುಟ್ಟಬಹುದಾದ ಪ್ರಶ್ನೆ ಇದು: ಕೈಯಿಲ್ಲದೆ ನಡೆಯುವ ಈ ಕಾರ್ಯಕ್ಕೆ ಕರ್ತೃ ಯಾರು? ನೀರೇ, ಗಾಳಿಯೇ, ಎಂದೋ ಲೆಕ್ಕ ಹಾಕಿ ಕಲ್ಲು ಕಟ್ಟಿಸಿಹೋದ ಎಂಜಿನಿಯರನೇ? ಈ ಪ್ರಶ್ನೆಯನ್ನು ನಾನು ಅಣೆಕಟ್ಟಿನಿಂದ ಅಡುಗೆಯ ಮನೆಗೆ ತಂದು ವಿಚಾರಿಸಬೇಕೆಂದಿದ್ದೇನೆ. ಏಕೆಂದರೆ ಅದೇ ಪ್ರಶ್ನೆ ಅಲ್ಲಿ, ಒಲೆಯ ಮೇಲಿಟ್ಟ ಕೋಳಿಸಾರಿನ ಮಡಕೆಯ ಮುಂದೆ, ಹೆಚ್ಚು ತೀಕ್ಷ್ಣವಾಗುತ್ತದೆ.

ಜಲಾಶಯದ ಅಚ್ಚುಕಟ್ಟಿನ ಊರುಗಳಲ್ಲಿ ನಾಟಿಯ ದಿನಗಳು ಬಂದವೆಂದರೆ ಹೆಂಗಸರು ಹೊತ್ತು ಹುಟ್ಟುವ ಮೊದಲೇ ಗದ್ದೆಗೆ ಇಳಿಯತಕ್ಕವರು. ಅಂಥ ಮನೆಗಳಲ್ಲಿ ಊರ ಹುಂಜದ ಸಾರನ್ನು ಮಾಡುತ್ತಿದ್ದ ಕ್ರಮವನ್ನು ಕೊಂಚ ಹತ್ತಿರದಿಂದ ನೋಡುವುದು ಈ ವಿಚಾರಕ್ಕೆ ಅಗತ್ಯ. ಪುಕ್ಕ ತರಿದು, ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಶಿನ ಬಳಿದು ತೊಳೆದು ತುಂಡು ಮಾಡಿದ ಕೋಳಿಯನ್ನು, ಈರುಳ್ಳಿ ಬೆಳ್ಳುಳ್ಳಿಯೊಡನೆ ಹಸಿವಾಸನೆ ಹೋಗುವ ತನಕ ಬಾಡಿಸಿ, ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿಗಳನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿದ ಕಾರವನ್ನು ಬೆರೆಸಿ, ಒಮ್ಮೆ ಚೆನ್ನಾಗಿ ಕುದಿ ಬರಿಸುವರು. ಆಮೇಲೆ ಉರಿಯುವ ಕೊಳ್ಳಿಗಳನ್ನು ಹೊರಕ್ಕೆಳೆದು, ಉಳಿದ ಕೆಂಡವನ್ನು ಹರಡಿ, ಅದರ ಮೇಲೆ ತೆಳುವಾಗಿ ಬೂದಿ ಮುಚ್ಚಿ, ಮಡಕೆಯ ಬಾಯಿಗೆ ಭಾರದ ಮುಚ್ಚಳವಿಟ್ಟು ಹೊರಟುಬಿಡುವರು. ಹೊಸದಾಗಿ ಮನೆಗೆ ಬಂದ ಸೊಸೆ ಆತಂಕದಿಂದ ಮತ್ತೆ ಮತ್ತೆ ಮುಚ್ಚಳ ಎತ್ತಿ ನೋಡಿದರೆ ಅತ್ತೆ ಹೇಳುವ ಮಾತು ಒಂದೇ: “ತೆಗೀಬೇಡ ಕಣವ್ವ, ಅದರ ಪಾಡಿಗೆ ಅದು ಬೇಯ್ಲಿ.”

ಆ ಮಾತಿನಲ್ಲಿ ಪಾಕಶಾಸ್ತ್ರವೂ ಉಂಟು. ಎರಡು ಮೂರು ವರ್ಷ ಹಿತ್ತಿಲಲ್ಲಿ ಕೆದರಿ ಬೆಳೆದ ಕೋಳಿಯ ಮಾಂಸದಲ್ಲಿ ಸ್ನಾಯುಗಳನ್ನು ಬಿಗಿದು ಹಿಡಿದಿರುವ ಗಟ್ಟಿ ನಾರಿನ ಅಂಶ ಹೆಚ್ಚು. ಜೋರು ಉರಿಗೆ ಒಡ್ಡಿದರೆ ಮಾಂಸ ಬಿಗಿದುಕೊಳ್ಳುತ್ತದೆ. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇದ್ದರೆ ಆ ನಾರೆಲ್ಲ ಕರಗಿ ಅಂಟಾಗಿ ಸಾರಿಗೆ ಇಳಿದು, ಸಾರಿಗೆ ಮೈಯನ್ನೂ ತುಂಡಿಗೆ ಮೆದುವನ್ನೂ ಕೊಡುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಕೂಡಿಟ್ಟ ಕಾವು ಹಾರಿಹೋಗುತ್ತದೆ. ಹೊತ್ತು ಇಳಿದ ಮೇಲೆ, ಕೆಸರುಗಾಲಿನಲ್ಲಿ ಹಿಂದಿರುಗಿದವರು ಕೈಕಾಲು ತೊಳೆದು ಎಸರಿಟ್ಟು ರಾಗಿಹಿಟ್ಟು ತೊಳಸಿದರೆ ಊಟ ಸಿದ್ಧ. ಹಿಟ್ಟನ್ನು ತೊಳಸುವುದಕ್ಕೆ ಮಾತ್ರ ಮನುಷ್ಯನ ತೋಳು ಬೇಕೇ ಬೇಕು. ಅದು ಆ ಗಳಿಗೆಯಲ್ಲೇ ಆಗಬೇಕಾದ ಕೆಲಸ, ಕೆಂಡಕ್ಕೆ ಒಪ್ಪಿಸಿ ಹೋಗತಕ್ಕದ್ದಲ್ಲ.

ಈಗ ಅದೇ ಊರುಗಳಿಂದ ಬೆಂಗಳೂರಿಗೋ ಕಡಲಾಚೆಗೋ ಹೋಗಿ ನೆಲೆಸಿದ ಮನೆಗಳಲ್ಲಿ ಕೆಂಡದ ಜಾಗಕ್ಕೆ ವಿದ್ಯುತ್ತಿನ ಸ್ಲೋ ಕುಕ್ಕರ್ ಬಂದಿದೆ. ಬೆಳಗ್ಗೆ ಕಚೇರಿಗೆ ಹೊರಡುವ ಮುನ್ನ ಕೋಳಿಯನ್ನೂ ಮಸಾಲೆಯನ್ನೂ ಪಿಂಗಾಣಿಯ ಪಾತ್ರೆಗೆ ತುಂಬಿ ಗುಂಡಿ ತಿರುಗಿಸಿದರೆ, ಏಳೆಂಟು ಗಂಟೆಗಳ ತರುವಾಯ ದಣಿದು ಬಂದವರಿಗೆ ಬಿಸಿ ಸಾರು ಕಾದಿರುತ್ತದೆ. ಈ ಯಂತ್ರದ ಹುಟ್ಟು ಅಡುಗೆಮನೆಯ ಅನುಕೂಲಕ್ಕಿಂತ ಹೆಚ್ಚಾಗಿ ಧರ್ಮಾಚರಣೆಗೆ ಸಂಬಂಧಪಟ್ಟದ್ದೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಯಹೂದ್ಯರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಸಬ್ಬತ್. ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವುದು ನಿಷಿದ್ಧ. ಆದುದರಿಂದ ಮಾಂಸ, ಕಾಳು, ಜವೆಗೋಧಿಗಳನ್ನು ಒಂದು ಮಡಕೆಯಲ್ಲಿ ತುಂಬಿ, ಸೂರ್ಯ ಮುಳುಗುವ ಮೊದಲೇ ಊರ ರೊಟ್ಟಿಯಂಗಡಿಯ ಒಲೆಯಲ್ಲಿ ಇಟ್ಟುಬಂದು, ಮರುದಿನ ಪ್ರಾರ್ಥನೆಯ ನಂತರ ತಂದು ಉಣ್ಣುವ ಚೋಲೆಂಟ್ ಎಂಬ ಪಾಕ ಅವರಲ್ಲಿ ಬೆಳೆಯಿತು. ಲಿಥುವೇನಿಯಾದಲ್ಲಿ ಹೀಗೆ ಮಾಡುತ್ತಿದ್ದ ಬಗೆಯನ್ನು ತಾಯಿಯ ಬಾಯಿಂದ ಕೇಳಿದ್ದ ಅಮೆರಿಕದ ಇರ್ವಿಂಗ್ ನಾಕ್ಸನ್ ಎಂಬ ಉಪಜ್ಞಕನು, ಪಾತ್ರೆಯ ಸುತ್ತಲೂ ಸಣ್ಣ ಕಾವನ್ನು ಹಬ್ಬಿಸುವ ವಿದ್ಯುತ್ ಯಂತ್ರವನ್ನು ರಚಿಸಿ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1970ರಲ್ಲಿ ಅವನ ವ್ಯಾಪಾರವನ್ನು ಕೊಂಡ ಕಂಪನಿ ಮರುವರ್ಷ ಅದನ್ನು ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಮನೆಮನೆಗೆ ಮುಟ್ಟಿಸಿತು. ಸಬ್ಬತ್ತಿನ ಆ ವಿಧಿ ಮನೆಯ ಯಜಮಾನನಿಗೆ ಮಾತ್ರ ಹೇಳಿದ್ದಲ್ಲ. ಮಕ್ಕಳಿಗೆ, ಆಳುಕಾಳಿಗೆ, ಬಂದ ಪರದೇಶಿಗೆ, ಕೊಟ್ಟಿಗೆಯ ದನಕರುಗಳಿಗೆ ಕೂಡ ಆ ದಿನ ಬಿಡುವು ಇರಬೇಕೆಂದು ಅದು ವಿಧಿಸುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

ಹಾಗಾದರೆ ತಾನಾಗಿ ಬೇಯುವ ಅಡುಗೆಗೆ ಕರ್ತೃ ಯಾರು? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮವೊಂದರ ಸಿದ್ಧಿಗೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದಾಗಿ ದೈವ. ಈ ಐದೂ ಸೇರಿ ಆದದ್ದನ್ನು ಕೇವಲ ತಾನು ಮಾಡಿದೆನೆಂದು ತಿಳಿಯುವವನ ಬುದ್ಧಿ ಸಂಸ್ಕಾರ ಪಡೆದದ್ದಲ್ಲವೆಂಬುದು ಅಲ್ಲಿಯ ನಿರ್ಣಯ. ಒಲೆಯ ಮುಂದೆ ಇದು ಎಷ್ಟು ಪ್ರತ್ಯಕ್ಷವಾಗಿ ಕಾಣುತ್ತದೆಂಬುದನ್ನು ಹೇಳಬೇಕಾಗಿಲ್ಲ. ಮಡಕೆ, ಕೆಂಡ, ನೀರು, ಕಾಲ, ಇವುಗಳಲ್ಲಿ ಒಂದು ಕೈಕೊಟ್ಟರೂ ಸಾರು ಆಗದು. ಗದ್ದೆಯಲ್ಲಿ ಪೈರು ನೆಡುತ್ತಿರುವ ಹೆಂಗಸು ಆ ಹೊತ್ತಿನಲ್ಲಿ ಅಡುಗೆಯನ್ನು ಮಾಡುತ್ತಲೂ ಇದ್ದಾಳೆ, ಮಾಡದೆಯೂ ಇದ್ದಾಳೆ. ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವ ದೃಷ್ಟಿಯನ್ನು ಗೀತೆ ಕೊಂಡಾಡಿರುವುದು ಯೋಗಿಗಳಿಗೆ ಮಾತ್ರ ಮೀಸಲೆಂದು ನಾವು ಭಾವಿಸಿದ್ದೇವೆ. ಮುಚ್ಚಳ ತೆಗೆಯಬೇಡವೆಂದು ತಡೆಯುವ ಅತ್ತೆಗೆ ಆ ದೃಷ್ಟಿ ಅಭ್ಯಾಸದಿಂದ ಬಂದಿದೆಯೆಂದು ನಾನು ನಂಬುತ್ತೇನೆ. ತನ್ನ ಪಾಲಿನದನ್ನು ಪೂರ್ಣವಾಗಿ ಮಾಡಿ, ಮಿಕ್ಕದ್ದನ್ನು ಮಿಕ್ಕ ಕಾರಣಗಳಿಗೆ ಒಪ್ಪಿಸಿ, ನಡುವೆ ಕೈಹಾಕದೆ ಇರುವುದು ಸಾಮಾನ್ಯವಾದ ಸಾಧನೆಯಲ್ಲ.

ಆದರೆ ಇಲ್ಲಿ ಒಂದು ಅಪಾಯವೂ ಉಂಟು. ಕರ್ತೃತ್ವವನ್ನು ಹೀಗೆ ಐದು ಕಡೆಗೆ ಹಂಚಿದ ಮಾತ್ರಕ್ಕೆ ಹೊಣೆಯೂ ಹಂಚಿಹೋಯಿತೆಂದು ಮನಸ್ಸು ಸಮಾಧಾನ ತಂದುಕೊಳ್ಳುತ್ತದೆ. ಸೈಫನ್ನಿನಲ್ಲಿ ಹರಿದುಹೋಗುವುದು ನೀರು. ಮಡಕೆಯಲ್ಲಿ ಬೇಯುವುದು ನಿನ್ನೆಯವರೆಗೆ ಉಸಿರಾಡುತ್ತಿದ್ದ ಜೀವ. ದುಡಿಮೆಯನ್ನು ಬೆಂಕಿಗೆ ವಹಿಸಬಹುದು, ಹಿಂಸೆಯನ್ನು ವಹಿಸಲು ಬಾರದು. ನಮ್ಮ ಸ್ಮೃತಿಕಾರರು ಈ ವಿಷಯದಲ್ಲಿ ತೋರಿದ ಕಟುವಾದ ಪ್ರಾಮಾಣಿಕತೆಯನ್ನು ಕಂಡರೆ ಗೌರವ ಹುಟ್ಟುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಕೊಲ್ಲಲು ಒಪ್ಪಿಗೆಯಿತ್ತವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ಉಂಡವನು, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲರೂ ಘಾತಕರೆಂದು ಹೇಳಿದೆ. ಅಲ್ಲಿಗೇ ನಿಂತಿದ್ದರೆ ಸಸ್ಯಾಹಾರಿಗಳು ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಅದೇ ಗ್ರಂಥದ ಮೂರನೆಯ ಅಧ್ಯಾಯ, ಒಲೆ, ಅರೆಯುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದನ್ನೂ ಗೃಹಸ್ಥನ ಮನೆಯ ಐದು ವಧಾಸ್ಥಾನಗಳೆಂದು ಕರೆದು, ಅವುಗಳ ದೋಷಕ್ಕೆ ಪ್ರತಿಯಾಗಿ ದಿನವೂ ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ, ಪ್ರಾಣಿಗಳಿಗೆ, ಅತಿಥಿಗಳಿಗೆ ಸಲ್ಲಿಸಬೇಕಾದ ಪಂಚಮಹಾಯಜ್ಞಗಳನ್ನು ವಿಧಿಸುತ್ತದೆ. ಹಿಂಸೆಯ ಸ್ಪರ್ಶವಿಲ್ಲದ ಒಲೆ ಎಲ್ಲಿಯೂ ಇಲ್ಲವೆಂಬ ನಿಷ್ಠುರ ಜ್ಞಾನದ ಮೇಲೆ ಗೃಹಸ್ಥಧರ್ಮವನ್ನು ಕಟ್ಟಿದ್ದಾರೆ.

ಹೀಗೆಂದಾಗ ಅನ್ನದ ಹಿಂಸೆಯೂ ಕೋಳಿಯ ಹಿಂಸೆಯೂ ಸರಿಸಮವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮಾರ್ಕೋನಹಳ್ಳಿಯಿಂದ ಬಹುದೂರವೇನೂ ಅಲ್ಲದ ಎಡೆಯೂರಿನಲ್ಲಿ, ಷಟ್‌ಸ್ಥಲ ಜ್ಞಾನಸಾರಾಮೃತವನ್ನು ರಚಿಸಿದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಾಗ, ಒಂದು ಜೀವವನ್ನೂ ಕೊಯ್ಯದೆ ಸಾವಿರಾರು ಹಸಿವುಗಳನ್ನು ತಣಿಸಬಹುದೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಆ ಪಂಕ್ತಿಯಲ್ಲಿ ಭಕ್ತಿಯಿಂದ ಉಂಡು ಬಂದವರಲ್ಲಿ ಅನೇಕರು ಮನೆಯಲ್ಲಿ ಕೋಳಿಯನ್ನು ಬೇಯಿಸುವವರೇ. ಸೋಮವಾರ, ಶನಿವಾರ, ಶ್ರಾವಣಮಾಸಗಳಲ್ಲಿ ಅದನ್ನು ಬಿಟ್ಟಿರುವವರೂ ಅವರೇ. ಇದನ್ನು ಅಸಂಗತವೆಂದು ಹಳಿಯುವ ಪಂಡಿತರನ್ನು ನಾನು ಒಪ್ಪಲಾರೆ. ತಿನ್ನುವುದಕ್ಕೂ ತಿನ್ನದಿರುವುದಕ್ಕೂ ಒಂದೊಂದು ದಿನವನ್ನು ಗೊತ್ತುಮಾಡಿದ ಮನೆಯಲ್ಲಿ, ತಿನ್ನುವುದು ವಿಚಾರಿಸಬೇಕಾದ ಸಂಗತಿಯೆಂಬ ಅರಿವು ಇನ್ನೂ ಜೀವಂತವಾಗಿದೆ. ಹಿತ್ತಿಲ ಕೋಳಿಯನ್ನು ಕೊಯ್ಯುವ ಮುನ್ನ ಗ್ರಾಮದೇವತೆಯನ್ನು ನೆನೆದು, ಬೆಂದ ಮೇಲೆ ಮೊದಲು ಎಡೆಯಿಟ್ಟು ಉಣ್ಣುವ ಪದ್ಧತಿಯಲ್ಲೂ ಇದೇ ಅರಿವಿದೆ. ಆ ಕೋಳಿಗೆ ಕಾಳು ಚೆಲ್ಲಿದ ಕೈಗೇ ಅದನ್ನು ಹಿಡಿದುಕೊಡುವ ಕಷ್ಟವೂ ಬೀಳುತ್ತಿತ್ತು.

ನನಗೆ ಕಳವಳವಾಗುವುದು ಬೇರೆಡೆಯಲ್ಲಿ. ಇಂದಿನ ಅಂಗಡಿಯ ಬ್ರಾಯ್ಲರ್ ಕೋಳಿ, ಮೊಟ್ಟೆಯೊಡೆದು ಬಂದ ಸುಮಾರು ಆರು ವಾರಗಳೊಳಗೆ ತೂಕಕ್ಕೆ ಬಂದು ಕತ್ತಿಗೆ ಸಿದ್ಧವಾಗುವಂತೆ ಬೆಳೆಸಿದ ಪ್ರಾಣಿ. ಕೆದರಲು ನೆಲವಿಲ್ಲ, ಹತ್ತಿ ಕೂರಲು ಕೊಂಬೆಯಿಲ್ಲ. ತನ್ನ ಮೈಯ ಭಾರವನ್ನೇ ಹೊರಲಾರದ ಕಾಲುಗಳ ಮೇಲೆ ಅದರ ಆಯುಸ್ಸು ಮುಗಿದುಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ಅದನ್ನು ಎಂಟು ಗಂಟೆ ಬೇಯಿಸಿ, ನಮ್ಮ ಸಂಜೆಗೆ ನಿಧಾನವನ್ನು ತಂದೆವೆಂದು ಸಂತೋಷಪಡುವಾಗ, ಆ ಅವಸರವು ಅಡುಗೆಮನೆಯಿಂದ ಎದ್ದುಹೋಗಿ ಕೋಳಿಯ ಬದುಕಿನೊಳಗೆ ಕುಳಿತಿತೆಂಬುದನ್ನು ನಾವು ಕಾಣುವುದಿಲ್ಲ. ಹಿಂದೆ ನಿಧಾನವಾಗಿ ಬಾಳಿದ ಹುಂಜಕ್ಕೆ ನಿಧಾನವಾದ ಕಾವು ಬೇಕಾಗಿತ್ತು. ಈಗಿನ ಎಳೆಯ ಮಾಂಸಕ್ಕೆ ಅಷ್ಟು ಹೊತ್ತು ಬೇಕೇ ಇಲ್ಲ, ಮಿತಿಮೀರಿದರೆ ಅದು ಪುಡಿಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಕೊಟ್ಟಿಗೆಯ ದನಕ್ಕೂ ಬಿಡುವಿರಲೆಂದ ವಿಧಿಯಿಂದ ಹುಟ್ಟಿದ ಯಂತ್ರದಲ್ಲಿ, ಒಂದು ದಿನವಾದರೂ ಬಿಡುಬೀಸಾಗಿ ಓಡಾಡದ ಪ್ರಾಣಿಯನ್ನು ಬೇಯಿಸುತ್ತಿದ್ದೇವೆ. ಇದರ ಹೊಣೆಯನ್ನು ಸಾಕಿದವನ ಮೇಲೂ ಕತ್ತರಿಸಿದವನ ಮೇಲೂ ಹೊರಿಸಿ ನಾವು ಪಾರಾಗುವಂತಿಲ್ಲ. ಎಂಟು ಮಂದಿಯ ಆ ಸಾಲಿನಲ್ಲಿ ಕೊಂಡವನೂ ಇದ್ದಾನೆ, ಬಡಿಸಿದವನೂ ಇದ್ದಾನೆ. ತಿನ್ನಲೇಬೇಕೆಂದಿದ್ದರೆ ಅಪರೂಪಕ್ಕೆ ತಿನ್ನುವುದು, ನೆಲದ ಮೇಲೆ ಓಡಾಡಿದ ಕೋಳಿಯನ್ನು ಹುಡುಕಿ ಹೆಚ್ಚು ಬೆಲೆ ತೆತ್ತು ತರುವುದು, ತಂದದ್ದರಲ್ಲಿ ಒಂದು ತುಣುಕನ್ನೂ ಚೆಲ್ಲದಿರುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

ಈ ವಿಚಾರದಲ್ಲಿ ಮಹಾಭಾರತದ ವನಪರ್ವದಷ್ಟು ದೂರ ನಡೆದ ಗ್ರಂಥವನ್ನು ನಾನರಿಯೆ. ಕೋಪದ ನೋಟದಿಂದ ಕೊಕ್ಕರೆಯೊಂದನ್ನು ಸುಟ್ಟುಹಾಕಿದ ಕೌಶಿಕನೆಂಬ ತಪಸ್ವಿ ಭಿಕ್ಷೆಗಾಗಿ ಒಂದು ಮನೆಯ ಬಾಗಿಲಲ್ಲಿ ನಿಂತಾಗ, ಹಸಿದು ಬಂದ ಗಂಡನಿಗೆ ಊಟಕ್ಕಿಡುತ್ತಿದ್ದ ಗೃಹಿಣಿ ಅವನನ್ನು ಕಾಯಿಸುತ್ತಾಳೆ; ಅವನು ಸಿಡಿಮಿಡಿಗೊಂಡರೆ, ತಾನು ಕೊಕ್ಕರೆಯಲ್ಲವೆಂದು ಹೇಳಿ, ಧರ್ಮವನ್ನು ಅರಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗೆಂದು ಕಳುಹಿಸುತ್ತಾಳೆ. ಮಾಂಸದಂಗಡಿಯಲ್ಲಿ ಕುಳಿತ ಆ ವ್ಯಾಧನು ತನ್ನ ವೃತ್ತಿ ಘೋರವೆಂಬುದನ್ನು ಮರೆಮಾಚುವುದಿಲ್ಲ. ತಾನು ಸ್ವತಃ ಕೊಲ್ಲುವವನಲ್ಲ, ತಿನ್ನುವವನೂ ಅಲ್ಲ ಎನ್ನುತ್ತಾನೆ. ಅಷ್ಟರಿಂದ ತಾನು ಬಿಡುಗಡೆಯಾದೆನೆಂದು ಮಾತ್ರ ಹೇಳುವುದಿಲ್ಲ. ನೇಗಿಲಿನ ಮೊನೆಯಲ್ಲಿ ಸಾಯುವ ಜೀವಗಳನ್ನೂ ಧಾನ್ಯದ ಬೀಜದಲ್ಲಿರುವ ಜೀವವನ್ನೂ ತೋರಿಸಿ, ಹಿಂಸೆಯಿಲ್ಲದೆ ಬದುಕುವವನು ಯಾರೆಂದು ಕೇಳುತ್ತಾನೆ. ಎಲ್ಲ ಉಪದೇಶವೂ ಮುಗಿದ ಮೇಲೆ, ತನ್ನ ಪ್ರತ್ಯಕ್ಷ ಧರ್ಮವನ್ನು ನೋಡೆಂದು ಕೌಶಿಕನನ್ನು ಮನೆಯೊಳಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಉಂಡು ತೃಪ್ತರಾಗಿ, ಬಿಳಿಯ ವಸ್ತ್ರವುಟ್ಟು, ಒಳ್ಳೆಯ ಆಸನದ ಮೇಲೆ ಅವನ ವೃದ್ಧ ತಂದೆತಾಯಿಗಳು ಕುಳಿತಿದ್ದಾರೆ. ಇವರೇ ತನ್ನ ದೇವರುಗಳೆಂದು ಹೇಳಿ, ಹೆತ್ತವರನ್ನು ಕೇಳದೆ ವೇದಾಧ್ಯಯನಕ್ಕೆ ಹೊರಟುಬಂದ ಕೌಶಿಕನನ್ನು, ಮಗನ ಶೋಕದಲ್ಲಿ ಕುರುಡರಾಗಿರುವ ಆ ಮುದುಕರ ಬಳಿಗೆ ಹಿಂದಿರುಗೆಂದು ವ್ಯಾಧನು ಕಳುಹಿಸಿಕೊಡುತ್ತಾನೆ.

ಗೃಹಿಣಿಯ ಊಟದಿಂದ ಮೊದಲಾಗಿ ಮುದುಕರ ಊಟದಲ್ಲಿ ಮುಗಿಯುವ ಈ ಕಥೆಯನ್ನು ಓದಿದಾಗಲೆಲ್ಲ ನನಗೆ ಕೆಂಡದ ಮಡಕೆಯ ಇನ್ನೊಂದು ಪ್ರಯೋಜನ ನೆನಪಾಗುತ್ತದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಕೋಳಿಯನ್ನು ಅಷ್ಟು ಹೊತ್ತು ಬೇಯಲು ಬಿಡುತ್ತಿದ್ದುದಕ್ಕೆ ಗದ್ದೆಯ ಕೆಲಸ ಒಂದೇ ಕಾರಣವಾಗಿರಲಿಲ್ಲ. ಹಲ್ಲು ಹೋದ ಅಜ್ಜ ಅಜ್ಜಿಯರು ಮುದ್ದೆಯನ್ನು ನುಂಗಬಲ್ಲರು, ಗಟ್ಟಿ ತುಂಡನ್ನು ಅಗಿಯಲಾರರು. ಮೂಳೆಯಿಂದ ತಾನೇ ಬಿಟ್ಟುಬರುವಷ್ಟು ಮೆತ್ತಗಾದ ಮಾಂಸವನ್ನು ಸೊಸೆ ಬೆರಳಿನಿಂದ ಬಿಡಿಸಿ, ಎಲುಬಿನ ಚೂರು ಸಿಗದಂತೆ ನೋಡಿ, ಈಲಿಯ ತುಂಡನ್ನು ಜೊತೆಗಿಟ್ಟು, ಮೊದಲು ಅವರ ತಟ್ಟೆಗೆ ಬಡಿಸುವಳು; ಮಕ್ಕಳು ಅಲ್ಲಿಯವರೆಗೆ ಕಾಯಬೇಕು. ಯಂತ್ರವು ಉಳಿಸಿಕೊಟ್ಟ ಎಂಟು ಗಂಟೆಗಳ ಪೈಕಿ ಹೀಗೆ ಬಿಡಿಸಿ ಬಡಿಸುವುದಕ್ಕೆ ಬೇಕಾಗುವುದು ಅರ್ಧ ಗಳಿಗೆ. ನಗರದ ಮನೆಗಳಲ್ಲಿ ಆ ಅರ್ಧ ಗಳಿಗೆಯೂ ಇದೆ, ಮೆತ್ತಗೆ ಬೆಂದ ಮಾಂಸವೂ ಇದೆ; ತಟ್ಟೆಯಿಡಬೇಕಾದ ಮುದುಕರು ಬಹುಪಾಲು ಕುಣಿಗಲ್ಲಿನ ಕಡೆಯ ಊರುಗಳಲ್ಲೇ ಉಳಿದುಬಿಟ್ಟಿದ್ದಾರೆ.