ಮಿಲ್ಲಿನ ಹೆಸರು ಉಳಿಯಿತು, ದುಡಿದವರ ಹೆಸರು?

ಊರಿನಿಂದ ಕಟ್ಟಡವೊಂದು ಮಾಯವಾದರೂ ಅದರ ಹೆಸರು ಅಷ್ಟು ಬೇಗ ಮಾಯವಾಗುವುದಿಲ್ಲ. ದಾವಣಗೆರೆಯಲ್ಲಿ ಇಂದಿಗೂ ಆಟೋದವನಿಗೆ 'ಡಿಸಿಎಂ' ಎಂದರೆ ಸಾಕು, ಆ ಅಕ್ಷರಗಳು ದಾವಣಗೆರೆ ಕಾಟನ್ ಮಿಲ್ಲಿನವು ಎಂದು ತಿಳಿಯದ ಹುಡುಗನೂ ನಮ್ಮನ್ನು ಸರಿಯಾದ ಜಾಗಕ್ಕೆ ತಲುಪಿಸುತ್ತಾನೆ. ಹರಿಹರದಲ್ಲಿ 1941ರಲ್ಲಿ ಹುಟ್ಟಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಮುಚ್ಚಿದೆ, ಆದರೆ ಯಂತ್ರಪುರ ಎಂಬ ಹೆಸರು ಉಳಿದಿದೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಈಗ ಒಂದು ಬಡಾವಣೆ. ನಿಜಾಮ ಮೆಹಬೂಬ್ ಅಲಿಯ ಕಾಲದ ಗುರುತು ಆ 'ಎಂ' ಅಕ್ಷರದೊಳಗೆ ಅಡಗಿ ಕುಳಿತಿದೆ. ಬೆಂಗಳೂರಿನ ಬಿನ್ನಿ ಮಿಲ್ಲಿನ ಕತೆಯೂ ಇದೇ.

ಹೆಸರು ಉಳಿದರೆ ನೆನಪು ಉಳಿದಂತೆ ಆಯಿತೇ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯವರಾದ ನಮಗೆ ಖಾಲಿ ಹೆಸರುಗಳ ಪರಿಚಯ ಚೆನ್ನಾಗಿಯೇ ಇದೆ. ಒಂದು ಕಾಲದಲ್ಲಿ ಶಾಸನಗಳು 'ಕೋಗಳಿ ಐನೂರು' ಎಂದು ಕರೆಯುತ್ತಿದ್ದ ಈ ಸೀಮೆಯಲ್ಲಿ ಇಂದು ಕೋಗಳಿ ಎಂಬುದು ಒಂದು ಹಳ್ಳಿ. ಕಲ್ಲಿನ ಮೇಲೆ ಅರಸರ, ದಾನಿಗಳ ಹೆಸರು ಉಳಿದಿವೆ. ಆ ಕಲ್ಲನ್ನು ಗುಡ್ಡದಿಂದ ಕಡಿದು ತಂದವರ ಹೆಸರನ್ನು ಹುಡುಕಿಕೊಂಡು ಹೋದರೆ ಬರಿಗೈಯಲ್ಲಿ ಮರಳಬೇಕು. ಇನ್ನು ಆಡಳಿತದ ಹೆಸರುಗಳಂತೂ ನಮ್ಮ ಕಣ್ಣೆದುರೇ ಬದಲಾಗಿವೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ನಂತರ ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆದರೆ ಜಿಲ್ಲೆ ಯಾವುದೇ ಇರಲಿ, ನಮ್ಮ ಸೀಮೆಯ ಹತ್ತಿ ಮತ್ತು ನಮ್ಮ ಸೀಮೆಯ ದುಡಿಯುವ ಕೈಗಳು ದಾವಣಗೆರೆಯ ದಾರಿ ಹಿಡಿದದ್ದನ್ನು ಯಾವ ಅಧಿಸೂಚನೆಯೂ ಬದಲಿಸಲಾರದು. ಆದ್ದರಿಂದ ದಾವಣಗೆರೆಯ ಮಿಲ್ಲುಗಳ ನೆನಪು ನಮ್ಮದೂ ಹೌದು.

ದಾವಣಗೆರೆ ಮೊದಲಿನಿಂದಲೂ ವ್ಯಾಪಾರದ ಊರು. ಹೈದರ್ ಅಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟನೆಂದೂ ಆತ ವರ್ತಕರನ್ನು ಕರೆದು ನೆಲೆಗೊಳಿಸಿದನೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ರೈಲು ಬಂತು, ಹತ್ತಿ ಪೇಟೆ ಬೆಳೆಯಿತು, ಜಿನ್ನಿಂಗ್ ಫ್ಯಾಕ್ಟರಿಗಳು ಬಂದವು. ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಡಿಸಿಎಂ ಜೊತೆ ಶಂಕರ್, ಗಣೇಶ್, ಆಂಜನೇಯ, ಚಂದ್ರೋದಯ, ಯಲ್ಲಮ್ಮ ಮುಂತಾದ ಮಿಲ್ಲುಗಳ ಹೆಸರು ಜನರ ಬಾಯಲ್ಲಿ ನಿಂತಿತು. ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂತು. ಪಾಳಿಯ ಸೈರನ್ನು ಕೂಗಿದಾಗ ಊರು ಏಳುತ್ತಿತ್ತು, ಕೂಗಿದಾಗ ಉಣ್ಣುತ್ತಿತ್ತು. ಹಳೆಯ ಯಂತ್ರಗಳು, ಪವರ್‌ಲೂಮಿನ ಪೈಪೋಟಿ, ಸಾಲ, ವಿವಾದಗಳ ಭಾರಕ್ಕೆ ಕುಸಿದು ಶತಮಾನದ ಕೊನೆಯ ದಶಕಗಳಲ್ಲಿ ಅವು ಒಂದೊಂದಾಗಿ ನಿಂತವು. ಸುತ್ತಲಿನ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂತು. ಮಿಲ್ಲಿನ ಜಾಗಕ್ಕೆ ಸೈಟುಗಳು ಬಂದವು.

ಈಗ ಆ ಕಾಲವನ್ನು ನೆನೆಯುವವರ ಮಾತಿಗೆ ಕಿವಿಗೊಟ್ಟರೆ ಎರಡು ಬಗೆಯ ನೆನಪು ಕೇಳಿಸುತ್ತದೆ.

ಒಂದು, ಹಂಬಲದ ನೆನಪು. ಅದರಲ್ಲಿ ಎತ್ತರದ ಚಿಮಣಿ ಇದೆ, ಸೈರನ್ನು ಇದೆ, ಸಂಬಳದ ದಿನ ಗಿಜಿಗುಡುತ್ತಿದ್ದ ಅಂಗಡಿ ಬೀದಿ ಇದೆ, ಪಾಳಿ ಮುಗಿಸಿ ಸಾಲುಸಾಲಾಗಿ ಹೊರಬರುವ ಸೈಕಲ್ಲುಗಳಿವೆ. ಇದು ಸುಳ್ಳಲ್ಲ, ಸುಂದರವೂ ಹೌದು. ಆದರೆ ಇದರಿಂದ ಯಾರಿಗೂ ಏನೂ ಖರ್ಚಿಲ್ಲ. ಹೊಸ ಬಡಾವಣೆಗೆ ಹಳೆಯ ಮಿಲ್ಲಿನ ಹೆಸರಿಡುವುದೂ ಇದೇ ನೆನಪು. ಬೋರ್ಡು ಬರೆಸಿದರೆ ಮುಗಿಯಿತು.

ಇನ್ನೊಂದು, ಲೆಕ್ಕದ ನೆನಪು. ಬಾಗಿಲು ಮುಚ್ಚಿದ ದಿನ ಎಷ್ಟು ತಿಂಗಳ ಸಂಬಳ ಬಾಕಿ ಇತ್ತು? ಗ್ರ್ಯಾಚುಟಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಬದಲಿ ಕೆಲಸಗಾರನಾಗಿಯೇ ವರ್ಷಗಟ್ಟಲೆ ಗೇಟಿನ ಬಳಿ ಕಾದು ಒಮ್ಮೆಯೂ ಕಾಯಂ ಆಗದವರು ಎಷ್ಟು ಮಂದಿ? ಹತ್ತಿಯ ಧೂಳು ಕುಡಿದ ಎದೆಗಳ ಗತಿ ಏನಾಯಿತು? ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುತ್ತಾರೆ. ವಾರದ ರಜೆ ಕಳೆದು ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು ಇದರ ಆರಂಭದ ಲಕ್ಷಣ. ಸೈರನ್ನನ್ನು ನೆನೆಯುವ ನಾವು ಆ ಕೆಮ್ಮನ್ನೂ ನೆನೆಯಬೇಕಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಹಳೆಯ ಗಾಯವನ್ನು ಕೆದಕಿ ಏನು ಪ್ರಯೋಜನ? ಮಿಲ್ ಕಾರ್ಮಿಕರ ಮಕ್ಕಳು ಓದಿದ್ದಾರೆ, ಅವರಲ್ಲಿ ಅನೇಕರಿಗೆ ಮತ್ತೆ ಆ ಧೂಳಿಗೆ ಮರಳುವ ಆಸೆ ಇಲ್ಲ. ದಾವಣಗೆರೆಯೂ ಕಾಲೇಜು, ಆಸ್ಪತ್ರೆಗಳ ಊರಾಗಿ ಬದುಕಿಕೊಂಡಿದೆ. ಮರೆಯುವುದೂ ಮನುಷ್ಯನಿಗೆ ದಕ್ಕಿದ ಒಂದು ವರವಲ್ಲವೇ?

ಹೌದು, ತನ್ನ ನೋವನ್ನು ಮರೆಯುವ ಹಕ್ಕು ನೊಂದವನಿಗೆ ಖಂಡಿತ ಇದೆ. ಆದರೆ ಅವನ ಪರವಾಗಿ ಮರೆಯುವ ಹಕ್ಕು ನಮಗಿಲ್ಲ. ಸಾಲ ಕೊಟ್ಟವನು 'ಬಿಡಿ' ಎಂದರೆ ಅದು ಅವನ ಔದಾರ್ಯ. ಸಾಲ ಪಡೆದವನೇ 'ಹಳೆಯದೆಲ್ಲ ಯಾಕೆ' ಎಂದರೆ ಅದಕ್ಕೆ ಬೇರೆ ಹೆಸರಿದೆ. ಮಿಲ್ಲುಗಳಿಂದ ಊರು ಬೆಳೆಯಿತು, ಪೇಟೆ ಬೆಳೆಯಿತು, ಆ ಬೆಳವಣಿಗೆಯ ಫಲವನ್ನು ನಾವೆಲ್ಲ ಉಂಡಿದ್ದೇವೆ. ಆ ಮಟ್ಟಿಗೆ ನಾವೆಲ್ಲ ಸಾಲಗಾರರೇ.

ಲೆಕ್ಕದ ನೆನಪು ಭಾವನೆಯ ಮಾತಷ್ಟೇ ಅಲ್ಲ, ಅದು ಅನ್ನದ ಮಾತು ಎಂಬುದನ್ನು ಮುಂಬಯಿ ತೋರಿಸಿಕೊಟ್ಟಿದೆ. 1982ರ ಜನವರಿ 18ರಂದು ಅಲ್ಲಿ ಆರಂಭವಾದ ಮಿಲ್ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಮಿಲ್ಲುಗಳ ಜಮೀನಿನ ಮೇಲೆ ಮಾಲ್‌ಗಳು, ಗೋಪುರಗಳು ಎದ್ದವು. ಜಮೀನಿನ ಒಂದು ಪಾಲನ್ನು ವಸತಿಗೆ ಮೀಸಲಿಡಬೇಕೆಂಬ 1991ರ ನಿಯಮವನ್ನು 2001ರಲ್ಲಿ ಖಾಲಿ ಜಾಗಕ್ಕಷ್ಟೇ ಅನ್ವಯಿಸುವಂತೆ ಕಿರಿದಾಗಿಸಲಾಯಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಡೆಗೆ 2012ರಲ್ಲಿ ಕಾರ್ಮಿಕರಿಗೆ ಮನೆಗಳ ಲಾಟರಿ ಆರಂಭವಾದಾಗ ಕೇಳಿದ್ದು ಒಂದೇ: 1982ರ ಜನವರಿ 1ರಂದು ಅಥವಾ ನಂತರ ನೀನು ಮಿಲ್ಲಿನಲ್ಲಿ ಕೆಲಸದಲ್ಲಿದ್ದೆ ಎಂಬುದಕ್ಕೆ ಪುರಾವೆ ಏನು? ಟಿಕೆಟ್ ನಂಬರು, ಹಾಜರಿ ಕಾರ್ಡು, ಪಿ.ಎಫ್. ಚೀಟಿ ಜೋಪಾನ ಮಾಡಿದ್ದವರು ಸಾಲಿನಲ್ಲಿ ನಿಂತರು. ಮಳೆಗೆ, ಗೆದ್ದಲಿಗೆ ಕಾಗದ ಕಳೆದುಕೊಂಡವರಿಗೆ ಇಡೀ ಜನ್ಮದ ದುಡಿಮೆಯನ್ನು ರುಜುವಾತು ಮಾಡುವುದೇ ಕಷ್ಟವಾಯಿತು.

ನಮ್ಮ ಕಾನೂನಿನ ಚರಿತ್ರೆಯಲ್ಲೂ ಇದೇ ತಾರತಮ್ಯ ಕಾಣುತ್ತದೆ. ಬೆಂಗಳೂರಿನ ಮಿನರ್ವ ಮಿಲ್ಲಿನ ಹೆಸರನ್ನು ದೇಶದ ಪ್ರತಿ ಕಾನೂನು ವಿದ್ಯಾರ್ಥಿಯೂ ಬಲ್ಲ. ರಾಷ್ಟ್ರೀಕರಣವನ್ನು ಪ್ರಶ್ನಿಸಿದ ಆ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ ಮೂಲ ಸ್ವರೂಪವನ್ನು ಕಾಯುವ ತೀರ್ಪು ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಕಂಪೆನಿ ಮುಚ್ಚುವ ಹೊತ್ತಿಗೆ ಅದರ ಕಾರ್ಮಿಕರ ಮಾತನ್ನೂ ಕೋರ್ಟು ಕೇಳಬೇಕು ಎಂಬಷ್ಟು ಸರಳ ಸತ್ಯ ಒಪ್ಪಿತವಾಗಲು 1982ರ ಡಿಸೆಂಬರಿನ ಇನ್ನೊಂದು ತೀರ್ಪಿನವರೆಗೆ ಕಾಯಬೇಕಾಯಿತು. ಮುಚ್ಚಿದ ಕಂಪೆನಿಯ ಆಸ್ತಿಯಲ್ಲಿ ಕಾರ್ಮಿಕರ ಬಾಕಿಗೆ ಬ್ಯಾಂಕುಗಳ ಸಾಲದ ಸರಿಸಮಾನ ಸ್ಥಾನ ಸಿಕ್ಕಿದ್ದು 1985ರ ತಿದ್ದುಪಡಿಯಿಂದ. 2016ರ ದಿವಾಳಿ ಸಂಹಿತೆ ಆ ಸ್ಥಾನವನ್ನು 24 ತಿಂಗಳ ಬಾಕಿಗೆ ಸೀಮಿತಗೊಳಿಸಿದೆ. ಕಾನೂನು ಏನೇ ಕೊಡಲಿ, ಅದು ಕೊಡುವುದು ದಾಖಲೆ ಇದ್ದವನಿಗೆ. ದಾಖಲೆ ಇಲ್ಲದವನಿಗೆ ಉಳಿಯುವ ಒಂದೇ ಸಾಕ್ಷಿ ಊರಿನ ನೆನಪು.

ಇದು ಕಳೆದುಹೋದ ಕಾಲಕ್ಕೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಮಿಲ್ಲುಗಳು ಹೋದರೂ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಉಳಿದವು. ಅಲ್ಲಿ ಹೊಗೆಯ ನಡುವೆ ದುಡಿಯುವವರಲ್ಲಿ ಬಡ ಮುಸ್ಲಿಮ್ ಕುಟುಂಬಗಳು ಬಹಳ, ಹೆಂಗಸರೂ ಇದ್ದಾರೆ. ನಾಳೆ ಅವೂ ಮಾಯವಾದರೆ ನಾವು ಏನನ್ನು ನೆನೆಯುತ್ತೇವೆ? ಮಂಡಕ್ಕಿ-ಮಿರ್ಚಿಯ ರುಚಿಯನ್ನೋ, ಬಿಸಿ ಮರಳಿನ ಮುಂದೆ ಬೆಂದ ಮುಖಗಳನ್ನೋ? ಅವರ ಕೂಲಿಯನ್ನು, ಕೆಮ್ಮನ್ನು ಇಂದು ಕೇಳದವರು ನಾಳೆ ಅವರನ್ನು ನೆನೆದು ಕಣ್ಣೀರಿಟ್ಟರೆ ಅದಕ್ಕೆ ಏನು ಬೆಲೆ? ದುಡಿಯುವವನು ಎದುರಿಗಿರುವಾಗಲೇ ಅವನನ್ನು ಗುರುತಿಸುವುದು ಪ್ರಾಮಾಣಿಕ ನೆನಪಿನ ಮೊದಲ ಹೆಜ್ಜೆ.

ಉಳಿದದ್ದು ಕಷ್ಟದ ಕೆಲಸವೇನಲ್ಲ. ಹರಪನಹಳ್ಳಿಯಲ್ಲೋ ಕೊಟ್ಟೂರಿನಲ್ಲೋ ದಾವಣಗೆರೆಯ ಹಳೇಪೇಟೆಯಲ್ಲೋ ಮಿಲ್ಲಿನಲ್ಲಿ ದುಡಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಅಜ್ಜನ ಟ್ರಂಕಿನ ತಳದಲ್ಲಿ ಹಳದಿಯಾದ ಚೀಟಿಯೊಂದು ಮಡಿಸಿಕೊಂಡು ಬಿದ್ದಿರಬಹುದು. ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದೋಣ. ಯಾವ ಖಾತೆ, ಯಾವ ಪಾಳಿ, ಎಷ್ಟು ಸಂಬಳ ಎಂದು ಕೇಳಿ ಬರೆದಿಡೋಣ. ನಮ್ಮ ಶಾಲೆ ಕಾಲೇಜುಗಳ ಮಕ್ಕಳು ಅರಸರ ವಂಶಾವಳಿಯ ಜೊತೆಗೆ ತಮ್ಮ ಓಣಿಯ ದುಡಿಮೆಯ ಚರಿತ್ರೆಯನ್ನೂ ಬರೆಯಲಿ.

ಬಸ್ ಸ್ಟಾಪಿನ ಬೋರ್ಡು ಮಿಲ್ಲಿನ ಹೆಸರನ್ನು ಹೇಗೂ ಕಾಯುತ್ತದೆ. ಅಲ್ಲಿ ದುಡಿದವರ ಹೆಸರನ್ನು ಕಾಯಲು ಬೋರ್ಡು ಬರುವುದಿಲ್ಲ, ನಾವೇ ಬೇಕು.