ಚೀಟಿ ಬರೆಯುವವನ ಪಾಪ ಪುಣ್ಯ

ಬೆಟ್ಟ ಹತ್ತಿ ದರ್ಶನ ಮುಗಿಸಿ, ಮಂಟಪದ ನೆರಳಲ್ಲಿ ಕುಳಿತು ತಾವು ಈ ಪುಸ್ತಕ ತೆರೆದಿದ್ದೀರಿ ಎಂದು ಭಾವಿಸಿದ್ದೇನೆ. ನಾನು ಪಂಡಿತನಲ್ಲ. ಓದಿದ್ದು ಪಿಯುಸಿ. ಇಲ್ಲಿಯ ಕಚೇರಿಯಲ್ಲಿ ರಸೀದಿ ಬರೆಯುವ ಗುಮಾಸ್ತ. ಆದರೂ ಬಹಳ ದಿನದಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತೇನೆ. ಪುಣ್ಯ ಬರಲಿ ಅಂತ ಮಾಡುವ ಸೇವೆ, ಸೇವೆ ಆಗುತ್ತದೆಯೇ?

ಬೆಟ್ಟದ ಬುಡದಲ್ಲಿ ತಿಂಗಳಿಗೊಂದು ಭಾನುವಾರ ಉಚಿತ ಚಿಕಿತ್ಸಾಲಯ ನಡೆಯುತ್ತದೆ. ಪೇಟೆಯಿಂದ ಇಬ್ಬರು ಡಾಕ್ಟರು, ಒಬ್ಬರು ನರ್ಸಮ್ಮ ಬರುತ್ತಾರೆ. ಉಳಿದವರು ನಮ್ಮಂಥ ಸ್ವಯಂಸೇವಕರು. ಒಬ್ಬ ಬೆಂಚು ಹಾಕುತ್ತಾನೆ, ಒಬ್ಬ ನೀರು ಕೊಡುತ್ತಾನೆ, ನಾನು ಹೆಸರು, ವಯಸ್ಸು, ಊರು ಬರೆದು ಚೀಟಿ ಕೊಡುತ್ತೇನೆ. ಬರೆಯೋದು ನನ್ನ ಕಸುಬೇ ಆದ್ದರಿಂದ ಅದೇನೂ ಕಷ್ಟವಲ್ಲ. ದಿನಕ್ಕೆ ಎಂಬತ್ತು ಚೀಟಿ, ಅದಕ್ಕಿಂತ ಹೆಚ್ಚು ಜನರನ್ನು ನೋಡೋಕೆ ಡಾಕ್ಟರಿಗೆ ಆಗುವುದಿಲ್ಲ. ಸಂಜೆ ಮನೆಗೆ ಹೋಗುವಾಗ ‘ಇವತ್ತು ಎಂಬತ್ತು ಜನರ ಪುಣ್ಯ ನನ್ನ ಲೆಕ್ಕಕ್ಕೆ ಬಂತು’ ಅಂತ ಒಳಗೊಳಗೇ ಹಿಗ್ಗುತ್ತಿದ್ದೆ. ಗುಮಾಸ್ತನಲ್ಲವೇ, ಎಲ್ಲವೂ ಲೆಕ್ಕವೇ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಎಂಬತ್ತನೇ ಚೀಟಿ ಕೊಟ್ಟಾದ ಮೇಲೆ ಕೆಳಗಿನ ಹಳ್ಳಿಯ ಒಬ್ಬ ಅಜ್ಜಿ ಬಂದಳು. ‘ಕಾಲಲ್ಲಿ ಗಾಯ ಆಗಿದೆ ಕಣಪ್ಪ, ನೋವೇನಿಲ್ಲ, ಆದ್ರೆ ಮಾಯ್ತಿಲ್ಲ’ ಅಂದಳು. ನೋವಿಲ್ಲ ಅಂದಮೇಲೆ ಅವಸರವೇನು ಅಂದುಕೊಂಡು, ಚೀಟಿ ಮುಗೀತಮ್ಮ, ಮುಂದಿನ ತಿಂಗಳು ಬಾ ಅಂದೆ. ಅವಳು ಅಲ್ಲೇ ಕಟ್ಟೆ ಮೇಲೆ ಕೂತಳು. ಅಷ್ಟರಲ್ಲಿ ಉತ್ಸವಕ್ಕೆ ಕಾಣಿಕೆ ಕೊಡುವ ಪರಿಚಯದ ಯಜಮಾನರೊಬ್ಬರು ಕಾರಿನಲ್ಲಿ ಬಂದರು. ಸುಮ್ಮನೆ ಬಿ.ಪಿ. ನೋಡಿಸಬೇಕು ಅಂದರು. ಅವರನ್ನು ಹಿಂದಿನ ಬಾಗಿಲಿಂದ ನಾನೇ ಒಳಗೆ ಕರೆದುಕೊಂಡು ಹೋದೆ. ತಿರುಗಿ ಬಂದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಸೆರಗು ಕೊಡವಿ ಎದ್ದು ಹೋದಳು.

ಮುಂದಿನ ತಿಂಗಳು ಅವಳು ಬರಲಿಲ್ಲ. ಅದರ ಮುಂದಿನ ತಿಂಗಳು ಮಗನ ಹೆಗಲು ಹಿಡಿದು ಬಂದಳು. ಕಾಲಿನ ಎರಡು ಬೆರಳು ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಗಾಯ ಕೊಳೆತು ದೊಡ್ಡ ಆಸ್ಪತ್ರೆಯಲ್ಲಿ ಬೆರಳು ತೆಗೆದಿದ್ದರು. ಡಾಕ್ಟರಮ್ಮ ನನಗೆ ಆಮೇಲೆ ವಿವರಿಸಿದರು: ಸಕ್ಕರೆ ಕಾಯಿಲೆ ಬಹಳ ಕಾಲ ಹತೋಟಿ ತಪ್ಪಿದರೆ ಪಾದದ ನರ ಸಾಯುತ್ತದೆ, ರಕ್ತ ಓಡಾಟವೂ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೂ, ಸುಟ್ಟರೂ ಗೊತ್ತಾಗದು. ಅಂಥವರಿಗೆ ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ, ಅದೇ ಅಪಾಯದ ಗುರುತು. ಆ ದಿನ ನೋಡಿದ್ದರೆ ಬೆರಳು ಉಳಿಯುತ್ತಿತ್ತೇ ಅಂತ ಕೇಳಿದೆ. ‘ಉಳಿದಿರಬಹುದಿತ್ತು, ಖಚಿತವಾಗಿ ಹೇಳಲಾರೆ’ ಅಂದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಈಗ ಪ್ರಶ್ನೆಗೆ ಬರೋಣ. ಮನಸ್ಸಿನಲ್ಲಿ ಏನಾದರೂ ಇರಲಿ, ಕೆಲಸ ಆದರೆ ಸಾಕಲ್ಲ ಅನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಜಂಬದವನು ಕೊಟ್ಟ ನೀರಾದರೂ ದಾಹ ತೀರುತ್ತದೆ. ಹೆಸರಿಗಾಗಿ ಕೊಟ್ಟ ಮಾತ್ರೆಯಾದರೂ ಜ್ವರ ಇಳಿಯುತ್ತದೆ. ಎಂಬತ್ತು ಜನರಿಗೆ ಚಿಕಿತ್ಸೆ ಆದದ್ದು ಸುಳ್ಳಲ್ಲ. ಹಾಗಾದರೆ ಪುಣ್ಯದ ಆಸೆ ನನಗೂ ದೇವರಿಗೂ ಬಿಟ್ಟ ವಿಷಯ, ರೋಗಿಗೆ ಅದರಿಂದ ನಷ್ಟವಿಲ್ಲ ಅಂತ ನಾನೂ ತಿಳಿದಿದ್ದೆ.

ಆದರೆ ಎಂಬತ್ತೊಂದನೆಯವಳು ಬಂದಾಗ ಆ ಮಾತು ನಿಲ್ಲಲಿಲ್ಲ. ಎಲ್ಲ ಸುಸೂತ್ರವಾಗಿ ನಡೆಯುವಾಗ ಮನಸ್ಸಿನ ಕೊಳೆ ಕಾಣೋದಿಲ್ಲ. ಯಾರನ್ನು ಮೊದಲು ಬಿಡಬೇಕು, ಯಾರನ್ನು ಕಳಿಸಬೇಕು ಅಂತ ಆರಿಸುವ ಗಳಿಗೆ ಬಂದಾಗ ಅದು ಕೈಗೆ ಇಳಿಯುತ್ತದೆ. ನನಗೆ ಬೇಕಾದದ್ದು ಎಂಬತ್ತರ ಲೆಕ್ಕ, ಅದು ಆಗಿತ್ತು. ಯಜಮಾನರ ಮೆಚ್ಚುಗೆ ಬೇಕಿತ್ತು, ಅದೂ ಸಿಕ್ಕಿತು. ಅಜ್ಜಿಯ ಕಾಲು ನನ್ನ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅವಳ ಕಾಲು ನೋಡಬೇಕು ಅನ್ನೋದೇ ನನ್ನ ಆಸೆಯಾಗಿದ್ದರೆ, ಬಗ್ಗಿ ಒಂದು ಸಲ ನೋಡುತ್ತಿದ್ದೆ. ಅದಕ್ಕೆ ಪಿಯುಸಿಯೂ ಬೇಕಿಲ್ಲ.

ಇನ್ನೊಂದು ವಿಷಯ. ಆ ಅಜ್ಜಿ ಯಾಕೆ ಜಗಳ ಮಾಡಲಿಲ್ಲ? ಇದೇ ಬಸ್ಸಿನ ಟಿಕೆಟ್ಟೋ, ಪಡಿತರ ಅಂಗಡಿಯೋ ಆಗಿದ್ದರೆ, ನನ್ನ ಸರದಿ ತಪ್ಪಿಸಿ ಅವರನ್ನ ಹೆಂಗೆ ಬಿಟ್ರಿ ಅಂತ ಕೂಗುತ್ತಿದ್ದಳು. ಇಲ್ಲಿ ಪುಕ್ಕಟೆ. ಪುಕ್ಕಟೆ ಅನ್ನುವ ಮಾತು ಅವಳ ಬಾಯಿ ಕಟ್ಟಿತು, ನನ್ನ ಬಾಯಿಗೆ ಬಲ ಕೊಟ್ಟಿತು. ದುಡ್ಡು ಕೊಟ್ಟವನು ಕೇಳುತ್ತಾನೆ, ಕೊಡದವನು ಸಹಿಸುತ್ತಾನೆ. ಆದ್ದರಿಂದ ಉಚಿತ ಸೇವೆಗೆ ದುಡ್ಡಿನ ಕೆಲಸಕ್ಕಿಂತ ಹೆಚ್ಚು ಬಿಗಿಯಾದ ನಿಯಮ ಇರಬೇಕು ಅಂತ ನನ್ನ ಅಭಿಪ್ರಾಯ. ಕೇಳುವವರಿಲ್ಲದ ಕಡೆ ನಾವೇ ನಮ್ಮನ್ನು ಕೇಳಿಕೊಳ್ಳಬೇಕು.

ನಮ್ಮ ನಾಡಿನಲ್ಲಿ ಈ ದಾರಿಯಲ್ಲಿ ನಡೆದ ದೊಡ್ಡವರಿದ್ದಾರೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದರು. ಒಂದೇ ದಿನ 833 ಜನರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ತೀರಿಕೊಂಡರು. ಚಾಕು ಹಿಡಿದ ಕೈ ಅವರದು, ನಿಜ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿದವರನ್ನು ಕೈ ಹಿಡಿದು ಚಾಪೆಗೆ ಮುಟ್ಟಿಸುವವರು, ಗಂಜಿ ಕಾಯಿಸುವವರು ಇಲ್ಲದೆ ಅಂಥ ಶಿಬಿರ ನಡೆಯುವುದಿಲ್ಲ.

ಪೊರೆ ಒಂದು ಸಲ ತೆಗೆದರೆ ಕಣ್ಣು ಬರುತ್ತದೆ. ಆದ್ದರಿಂದ ಶಿಬಿರ ಅದಕ್ಕೆ ಹೊಂದುತ್ತದೆ. ಬಿ.ಪಿ., ಸಕ್ಕರೆ ಹಾಗಲ್ಲ, ಮಾತ್ರೆ ದಿನಾ ಬೇಕು. ಐದು ದಿನದ ಮಾತ್ರೆ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರೆ ಆರನೇ ದಿನ ರೋಗಿ ಏನು ಮಾಡಬೇಕು? ಇದಕ್ಕೆ ಉತ್ತರ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಡಾ. ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ಹೋಗಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಬರೀ ಔಷಧಿಗೆ ನಿಲ್ಲದೆ ಶಾಲೆ, ಕಸುಬು ಎಲ್ಲಕ್ಕೂ ಕೈ ಹಾಕಿದರು. 1994ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರಿಗೆ ಸಂದವು. ಬಂದು ಹೋಗೋದು ಬೇರೆ, ಇದ್ದು ಮಾಡೋದು ಬೇರೆ. ಎಲ್ಲರೂ ಹಾಗೆ ಇರಲಾರರು. ಆದರೆ ಬಂದು ಹೋಗುವವನು, ತಾನು ಹೋದಮೇಲೆ ಯಾರು ನೋಡುತ್ತಾರೆ ಅಂತ ಗೊತ್ತುಮಾಡಿ ಹೋಗಬೇಕು.

ಅಜ್ಜಿಯ ಸಂಗತಿ ನಾನು ಎಲ್ಲರ ಮುಂದೆ ಹೇಳಿಕೊಂಡೆ. ನಾಚಿಕೆಯಾಯಿತು, ಆದರೂ ಹೇಳಿದೆ. ಅಂದಿನಿಂದ ಮೂರು ನಿಯಮ ಮಾಡಿಕೊಂಡೆವು. ಚೀಟಿಗೆ ಮೊದಲು ನರ್ಸಮ್ಮ ಎಲ್ಲರನ್ನೂ ಒಂದು ಸುತ್ತು ನೋಡುತ್ತಾರೆ, ಕಷ್ಟ ಹೆಚ್ಚಿದ್ದವರು ಮೊದಲು. ಹಿಂದಿನ ಬಾಗಿಲಿಗೆ ಬೀಗ. ದಿನಾ ಮಾತ್ರೆ ಬೇಕಾದವರ ಹೆಸರು ಬೇರೆ ಪುಸ್ತಕದಲ್ಲಿ ಬರೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸುವುದು. ಅದೇ ಯಜಮಾನರು ಮತ್ತೆ ಬಂದಾಗ ಬೆಂಚಿನ ಮೇಲೆ ಕೂರಿ ಅಂದೆ. ಸಿಟ್ಟಾಗಿ ಹೊರಟುಹೋದರು. ಮೇಲಿನವರಿಂದ ನನಗೆ ಎರಡು ಮಾತೂ ಬಿತ್ತು. ಅದನ್ನು ಖರ್ಚಿನ ಕಾಲಮ್ಮಿಗೆ ಬರೆದುಕೊಂಡೆ.

ಪುಣ್ಯದ ಆಸೆ ಪೂರ್ತಿ ಹೋಯಿತೇ ಅಂದರೆ, ಇಲ್ಲ. ಹೋಗಲಿ ಅಂತ ಕಾಯುತ್ತಾ ಕೂತರೆ ಚೀಟಿ ಬರೆಯುವವರು ಯಾರು? ಮನಸ್ಸು ಶುದ್ಧವಾದ ಮೇಲೆ ಸೇವೆ ಮಾಡುತ್ತೇನೆ ಅನ್ನೋದು, ಈಜು ಬಂದ ಮೇಲೆ ನೀರಿಗೆ ಇಳೀತೀನಿ ಅಂದಂತೆ. ಆಸೆ ಇದ್ದರೂ ಇರಲಿ, ಅದರ ಕೈಗೆ ಬಾಗಿಲ ಬೀಗ ಕೊಡಬಾರದು. ಇಷ್ಟು ನನಗೆ ತಿಳಿದ ಉತ್ತರ. ಹೆಚ್ಚು ತಿಳಿದವರು ತಿದ್ದಬೇಕು.

ಕೊನೆಗೆ ತಮ್ಮಲ್ಲಿ ವಿನಂತಿ. ಸಕ್ಕರೆ ಕಾಯಿಲೆಯವರು ಬಿಸಿಲು ಹೊತ್ತಿನಲ್ಲಿ ಕಾದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಡಿ, ಬೆಳಗಿನ ತಂಪಿನಲ್ಲಿ ಬನ್ನಿ. ರಾತ್ರಿ ದೀಪದಲ್ಲಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಮಾತ್ರೆ ನುಂಗಿ ಉಪವಾಸ ಹತ್ತಿದರೆ ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಜ್ಞಾನವಿದ್ದರೆ ತಕ್ಷಣ ಬೆಲ್ಲದ ನೀರು ಕೊಡಿ, ಜ್ಞಾನ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಉಪವಾಸದ ಹರಕೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಿ.

ತಮ್ಮ ಊರಿನಲ್ಲೂ ಇಂಥ ಚಿಕಿತ್ಸಾಲಯ ಇದ್ದರೆ ತಿಂಗಳಿಗೆ ಅರ್ಧ ದಿನ ಕೊಡಿ. ಡಾಕ್ಟರೇ ಆಗಬೇಕಿಲ್ಲ. ಅಕ್ಷರ ಬಂದವರು ಹೆಸರು ಬರೆಯಿರಿ, ಬಾರದವರು ಮುದುಕರ ಕೈ ಹಿಡಿಯಿರಿ.

ಆ ಅಜ್ಜಿ ಈಗಲೂ ಬರುತ್ತಾಳೆ. ಹೋದ ಸಲ ಮಡಿಲಲ್ಲಿ ಅವರೆಕಾಯಿ ತಂದು ನನ್ನ ಮೇಜಿನ ಮೇಲೆ ಸುರಿದಳು. ಬೇಡಮ್ಮ, ನಾವು ಏನೂ ತಗೊಳ್ಳೋ ಹಂಗಿಲ್ಲ ಅಂದೆ. ‘ನೀವು ಕೊಟ್ರೆ ನಾನು ತಗೋಬೇಕು, ನಾನು ಕೊಟ್ರೆ ನೀವು ತಗೊಳ್ಳಲ್ವಾ?’ ಅಂದಳು. ಅವತ್ತು ಎಲ್ಲರಿಗೂ ಅವರೆಕಾಳಿನ ಉಪ್ಪಿಟ್ಟು ಆಯಿತು. ಅವಳೂ ನಮ್ಮ ಪಕ್ಕದಲ್ಲೇ ಕೂತು ತಿಂದಳು.