ಮನೆಗೆ ಮರ ಸಲ್ಲುವುದೇ?

ಪರಿಸರದ ಮೇಲೆ ಕಾಳಜಿ ಇರುವವರು ಮನೆ ಕಟ್ಟುವಾಗ ಮರ ಬಳಸಬೇಕೇ, ಬಿಡಬೇಕೇ ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ವಿಷಯ. ಸಂಶಯಕ್ಕೆ ಎರಡೂ ಕಡೆ ಬಲವಾದ ಕಾರಣಗಳಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಆ ಅಪ್ಪಿಕೋ ಚಳವಳಿಯ ನಾಡಿನಲ್ಲಿ ಬೆಳೆದವರಿಗೆ ಮರ ಕಡಿದು ಮನೆ ಕಟ್ಟಿ ಎಂಬ ಮಾತು ಒರಟಾಗಿ ಕೇಳುತ್ತದೆ. ಇನ್ನೊಂದು ಕಡೆ, ಮರವನ್ನು ಬಿಟ್ಟು ನಾವು ಹಿಡಿದ ಸಿಮೆಂಟು ಇದೆ. ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ.

ನನ್ನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಮರ ಸಲ್ಲುತ್ತದೆ; ಆದರೆ ಮೂರು ಕಟ್ಟಳೆಗಳ ಒಳಗೆ. ಅದು ಯಾರೋ ನೆಟ್ಟು ಬೆಳೆಸಿದ ಮರವಾಗಿರಬೇಕು, ಸಹಜ ಕಾಡಿನದ್ದಾಗಿರಬಾರದು. ಬೆಳೆಯಲು ಹಿಡಿದ ಕಾಲಕ್ಕಿಂತ ಹೆಚ್ಚು ಕಾಲ ಅದು ಕಟ್ಟಡದಲ್ಲಿ ಬಾಳಬೇಕು. ಕಟ್ಟಡ ಬಿಚ್ಚುವ ದಿನ ಬಂದಾಗ ಇನ್ನೊಂದು ಕಟ್ಟಡಕ್ಕೆ ಹೋಗುವ ಹಾಗೆ ಅದನ್ನು ಜೋಡಿಸಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮರದ ಮನೆಯನ್ನು ಪರಿಸರಸ್ನೇಹಿ ಎಂದು ಕರೆಯುವ ಹಕ್ಕು ನಮಗಿಲ್ಲ.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದಷ್ಟನ್ನೂ ಮರ ಗಾಳಿಯಿಂದ ಹೀರಿಕೊಂಡಿರುತ್ತದೆ. ಒಂದು ಕಿಲೊ ಇಂಗಾಲ ಗಾಳಿಯಲ್ಲಿದ್ದಾಗ 3.67 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿರುತ್ತದೆ. ಹೀಗೆ ಲೆಕ್ಕ ಹಿಡಿದರೆ ಒಂದು ಘನ ಮೀಟರ್ ತೇಗದಲ್ಲಿ, ಅಂದರೆ ಸಾಮಿಲ್ಲಿನವರ ಲೆಕ್ಕದ 35 ಘನ ಅಡಿಯಲ್ಲಿ, ಹೆಚ್ಚುಕಡಿಮೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಸೆರೆಯಾಗಿದೆ. ಆ ತೊಲೆ ಕೊಳೆಯದೆ, ಸುಡದೆ ಇರುವಷ್ಟು ಕಾಲ ಅದು ಸೆರೆಯಲ್ಲೇ ಇರುತ್ತದೆ. ಸಿಮೆಂಟಿನ ಕಥೆ ತದ್ವಿರುದ್ಧ. ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಸುಡಬೇಕು. ಸುಡಲು ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಪಾಲಾದರೆ, ಕಲ್ಲಿನ ಒಡಲಲ್ಲೇ ಇದ್ದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುವುದು ಅದಕ್ಕಿಂತ ದೊಡ್ಡ ಪಾಲು. ಕಲ್ಲಿದ್ದಲಿನ ಬದಲು ಬಿಸಿಲಿನ ವಿದ್ಯುತ್ತು ತಂದರೂ ಈ ಎರಡನೆಯದು ತಪ್ಪುವುದಿಲ್ಲ. ಅದು ಆ ರಾಸಾಯನಿಕ ಕ್ರಿಯೆಯ ಸ್ವಭಾವ.

ಇನ್ನು ಪೂರ್ವಪಕ್ಷಗಳು. ಎಲ್ಲಕ್ಕಿಂತ ಬಲವಾದುದು ಕಾಡಿನ ಪರವಾದ ಆಕ್ಷೇಪ. ಮರಕ್ಕೆ ಬೇಡಿಕೆ ಹೆಚ್ಚಿದರೆ ಕೊನೆಗೆ ಕೊಡಲಿ ಬೀಳುವುದು ಕಾಡಿನ ಮೇಲೆಯೇ, ಆದ್ದರಿಂದ ಬೇಡಿಕೆಯನ್ನೇ ತಡೆಯಬೇಕು ಎನ್ನುತ್ತದೆ ಆ ವಾದ. ನಮ್ಮ ಸರ್ಕಾರವೂ ಹಾಗೆಯೇ ಯೋಚಿಸಿತ್ತು. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 2020ರಲ್ಲಿ. ಉದ್ದೇಶ ಒಳ್ಳೆಯದಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮರದ ಜಾಗಕ್ಕೆ ಏನು ಬಂತು ಎಂದು ಕೇಳಬೇಕು. ಉಕ್ಕಿನ ಕಿಟಕಿ ಬಂತು, ಅಲ್ಯೂಮಿನಿಯಂ ಚೌಕಟ್ಟು ಬಂತು, ಪಿ.ವಿ.ಸಿ. ಬಾಗಿಲು ಬಂತು, ಎಲ್ಲದರ ಮೇಲೆ ಆರ್.ಸಿ.ಸಿ. ತಾರಸಿ ಬಂತು. ಇವು ಯಾವುವೂ ಆಕಾಶದಿಂದ ಇಳಿದವಲ್ಲ. ಉಕ್ಕಿಗೆ ಅದಿರು ಬೇಕು. ಸಂಡೂರಿನ ಬೆಟ್ಟಗಳನ್ನು ಕಂಡವರಿಗೆ ಅದಿರು ತೆಗೆದರೆ ಕಾಡಿಗೆ ಏನಾಗುತ್ತದೆಂದು ವಿವರಿಸಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಕಾಂಕ್ರೀಟಿಗೆ ಮರಳು ಬೇಕು. ಅದಕ್ಕಾಗಿ ನಮ್ಮ ನದಿಗಳ ಒಡಲನ್ನು ಬಗೆದೆವು. ಕಾಂಕ್ರೀಟಿನ ಮನೆಯೂ ಕಾಡನ್ನು ತಿನ್ನುತ್ತದೆ. ತಿಂದ ಗುರುತು ಮಾತ್ರ ಮನೆಯೊಳಗೆ ಕಾಣಿಸುವುದಿಲ್ಲ.

ಅದೇ ಕಾಲದಲ್ಲಿ ನಮ್ಮ ಪೇಟೆಗಳಿಗೆ ಬರ್ಮಾದ ತೇಗ, ಮಲೇಷ್ಯಾದ ದಿಮ್ಮಿ, ಆಫ್ರಿಕದ ಗಟ್ಟಿಮರ, ನ್ಯೂಜಿಲೆಂಡಿನ ಪೈನ್ ಹಡಗುಗಳಲ್ಲಿ ಬರುತ್ತಲೇ ಇದ್ದವು. 2014ರಲ್ಲಿ ಮ್ಯಾನ್ಮಾರ್ ತನ್ನ ಕಾಡು ಬರಿದಾಗುವುದನ್ನು ಕಂಡು ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ನಮ್ಮ ಕಾಡಿನ ಮರ ಬೇಡ ಎಂದವರು ಇನ್ನೊಬ್ಬರ ಕಾಡಿನ ಮರಕ್ಕೆ ಹಣ ಕೊಟ್ಟರೆ ಅದನ್ನು ಕಾಡಿನ ರಕ್ಷಣೆ ಎನ್ನಲಾಗದು.

ಈ ಆಕ್ಷೇಪಕ್ಕೆ ಸರಿಯಾದ ಉತ್ತರ ಸಿಗುವುದು ಅಪ್ಪಿಕೋ ಚಳವಳಿಯಲ್ಲಿಯೇ ಎಂದು ನನ್ನ ನಂಬಿಕೆ. ಆ ಜನ ತಡೆದದ್ದು ಸಹಜ ಕಾಡನ್ನು ಕಾರ್ಖಾನೆಗಳಿಗಾಗಿ ಬೋಳಿಸುವುದನ್ನು, ನೂರು ಬಗೆಯ ಮರಗಳಿದ್ದ ಜಾಗದಲ್ಲಿ ಒಂದೇ ಬಗೆಯ ತೋಪು ಎಬ್ಬಿಸುವುದನ್ನು. ಸೊಪ್ಪಿನ ಬೆಟ್ಟವನ್ನೂ ಉರುವಲನ್ನೂ ಮನೆಯ ತೊಲೆಯನ್ನೂ ನಂಬಿ ಬಾಳಿದವರು ಮರದ ಬಳಕೆಯನ್ನೇ ಹೇಗೆ ವಿರೋಧಿಸಿಯಾರು? ಅವರ ಘೋಷಣೆಯಲ್ಲಿ ಮೂರು ಮಾತುಗಳಿದ್ದವು: ಉಳಿಸು, ಬೆಳೆಸು, ಬಳಸು. ಪಟ್ಟಣದ ನಾವು ಮೊದಲನೆಯದನ್ನು ಭಾಷಣಕ್ಕೆ ಇಟ್ಟುಕೊಂಡು, ಮೂರನೆಯದು ತಪ್ಪೆಂದು ಬಗೆದು, ನಡುವಿನದನ್ನು ಮರೆತೆವು. ಬೆಳೆಸಿದ್ದನ್ನು ಬಳಸುವವರಿಲ್ಲದಿದ್ದರೆ ಬೆಳೆಸುವವರೂ ಇರುವುದಿಲ್ಲ. ಬದುವಿನ ತೇಗಕ್ಕೆ, ಹಿತ್ತಿಲ ಹಲಸಿಗೆ ಬೆಲೆ ಬಂದಾಗ ರೈತ ಅದನ್ನು ಉಳಿಸಿಕೊಳ್ಳುತ್ತಾನೆ. ಬೆಲೆ ಇಲ್ಲವಾದಾಗ ಸೌದೆಗೆ ಮಾರಿ ಆ ಜಾಗದಲ್ಲಿ ಶುಂಠಿ ಹಾಕುತ್ತಾನೆ.

ಆದರೆ ಎದುರಾಳಿಯ ಮಾತಿನಲ್ಲಿ ಒಂದು ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬೆಳೆಸುವುದು ಎಂದರೆ ಮಲೆನಾಡಿನ ಗುಡ್ಡಗಳ ಮೇಲೆ ಅಕೇಶಿಯ ಹೊದಿಸುವುದಲ್ಲ, ಕೋಲಾರದ ಹೊಲಗಳಲ್ಲಿ ನೀಲಗಿರಿ ನೆಡುವುದಲ್ಲ. ನೀಲಗಿರಿಯ ಹೊಸ ನೆಡುತೋಪುಗಳಿಗೆ ಕರ್ನಾಟಕ 2017ರಲ್ಲಿ ತಡೆ ಹಾಕುವ ಹೊತ್ತಿಗೆ ಬಯಲುಸೀಮೆ ಅದರ ಫಲ ಉಂಡಾಗಿತ್ತು. ಕಟ್ಟಡಕ್ಕೆ ಮರ ಬೇಕೆಂಬ ನೆಪದಲ್ಲಿ ಒಂದು ಎಕರೆ ಸಹಜ ಕಾಡನ್ನೋ, ಮೇವಿನ ಹುಲ್ಲು ಬೆಳೆಯುವ ಬ್ಯಾಣವನ್ನೋ, ಶೋಲಾದ ಹುಲ್ಲುಗಾವಲನ್ನೋ ತೋಪು ಮಾಡುವುದಾದರೆ ನಾನು ನನ್ನ ಪಕ್ಷ ಬಿಟ್ಟು ಅಪ್ಪಿಕೊಂಡು ನಿಲ್ಲುವವರ ಸಾಲಿಗೆ ಸೇರುತ್ತೇನೆ. ಮರಕ್ಕೆ ಬೇರೆ ಜಾಗವಿದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರ ಕಾಫಿ ಗಿಡಕ್ಕೆ ನೆರಳು ಕೊಡುತ್ತಾ, ಮೆಣಸಿನ ಬಳ್ಳಿಯನ್ನು ಹೊತ್ತುಕೊಂಡು, ಜೊತೆಗೆ ದಿಮ್ಮಿಯಾಗಿಯೂ ಬೆಳೆಯುತ್ತಿದೆ. ಬಯಲುಸೀಮೆಯ ರೈತರು ಹೆಬ್ಬೇವು ನೆಡುತ್ತಿದ್ದಾರೆ. ಅಡಿಕೆ ತೋಟದ ಅಂಚು, ಹೊಲದ ಬದು, ಹಿತ್ತಿಲು ಇವೆಲ್ಲ ಬೇರೆ ಬೆಳೆಯನ್ನು ಕೆಡಿಸದೆ ಮರ ಕೊಡಬಲ್ಲ ಜಾಗಗಳು.

ಎರಡನೆಯ ಆಕ್ಷೇಪ ಲೆಕ್ಕ ಬಲ್ಲವರದು. ಕಡಿದ ಮರದಲ್ಲಿ ಹಲಗೆಯಾಗುವುದು ಎಷ್ಟು? ಕೊಂಬೆ, ಬೇರು, ತೊಗಟೆ ಹೋಗಿ, ಸಾಮಿಲ್ಲಿನಲ್ಲಿ ಹೊಟ್ಟು ಮತ್ತು ಅಂಚಿನ ಸೀಳುಗಳೂ ಹೋದ ಮೇಲೆ ದಿಮ್ಮಿಯ ಅರ್ಧದಷ್ಟು ಉಳಿದರೆ ಹೆಚ್ಚು. ಉಳಿದದ್ದು ಒಲೆ ಸೇರಿಯೋ ಕೊಳೆತೋ ಬೇಗನೆ ಗಾಳಿಗೆ ಮರಳುತ್ತದೆ. ಹೀಗಿರುವಾಗ ಸೆರೆ ಹಿಡಿದೆವೆಂಬ ಇಂಗಾಲ ಎಲ್ಲಿದೆ? ಇದು ನ್ಯಾಯವಾದ ಪ್ರಶ್ನೆ, ನನ್ನ ಎರಡನೆಯ ಕಟ್ಟಳೆ ಹುಟ್ಟಿದ್ದೂ ಇದರಿಂದಲೇ. ಕಡಿದ ಜಾಗದಲ್ಲಿ ಇನ್ನೊಂದು ಸಸಿ ನೆಟ್ಟು ಅದು ಹಿಂದಿನದರಷ್ಟೇ ಎತ್ತರಕ್ಕೆ ಬರುವ ತನಕವಾದರೂ ಹಳೆಯ ಮರ ಮನೆಯಲ್ಲಿ ನಿಂತಿರಬೇಕು. ಆಗ ಮಾತ್ರ ಲೆಕ್ಕ ಕೂಡುತ್ತದೆ. ಅರುವತ್ತು ವರ್ಷದ ತೇಗವನ್ನು ಸೀಳಿ, ಹತ್ತು ವರ್ಷಕ್ಕೊಮ್ಮೆ ಕಿತ್ತು ಬದಲಿಸುವ ಅಲಂಕಾರದ ಹೊದಿಕೆ ಮಾಡುವುದು ಈ ಲೆಕ್ಕದಲ್ಲಿ ಅಪರಾಧ. ಅದೇ ತೇಗ ನೂರೈವತ್ತು ವರ್ಷ ತೊಲೆಯಾಗಿ ನಿಂತರೆ ಅದರ ಜಾಗದಲ್ಲಿ ಎರಡು ತಲೆಮಾರಿನ ಮರಗಳು ಬೆಳೆದು ನಿಂತಿರುತ್ತವೆ. ಬೆಂಗಳೂರಿನ ಕೋಟೆಯ ಬಳಿ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳು 1791ರಿಂದ ನಿಂತಿವೆ. ಜಪಾನಿನ ನಾರಾ ಸಮೀಪದ ಹೋರ್ಯೂಜಿಯ ಐದಂತಸ್ತಿನ ಮರದ ಪಗೋಡಕ್ಕೆ ಸುಮಾರು 1,300 ವರ್ಷ. ಅದರ ಮರ ಬೆಳೆಯಲು ಎಷ್ಟೇ ಶತಮಾನ ಹಿಡಿದಿದ್ದರೂ ಸಾಲ ತೀರಿದೆ.

ಬೆಂಕಿಯ ಮಾತು ಬಂದಾಗ ಮೈಸೂರಿನವರು ಉದಾಹರಣೆಗೆ ಹೊರಗೆ ಹೋಗಬೇಕಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಸೇರಿಸಿ ಕಟ್ಟಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಮರ ಉರಿಯುತ್ತದೆ, ಇದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಹೇಗೆ ಉರಿಯುತ್ತದೆ ಎಂಬುದನ್ನು ಮಾತ್ರ ತಿಳಿಯಬೇಕು. ದಪ್ಪ ತೊಲೆಗೆ ಬೆಂಕಿ ತಗುಲಿದಾಗ ಹೊರಮೈ ಇದ್ದಿಲಾಗುತ್ತದೆ, ಆ ಇದ್ದಿಲ ಪದರವೇ ಒಳಗಿನ ಮರಕ್ಕೆ ಶಾಖ ತಲುಪುವುದನ್ನು ತಡೆಯುತ್ತದೆ. ಸುಡುವ ವೇಗ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್, ಅಂದರೆ ಗಂಟೆಗೆ ನಾಲ್ಕು ಸೆಂಟಿಮೀಟರಿನ ಆಸುಪಾಸು. ಎಂಜಿನಿಯರ್ ಆ ನಾಲ್ಕು ಸೆಂಟಿಮೀಟರನ್ನು ಮೊದಲೇ ಸೇರಿಸಿ ತೊಲೆಯ ಗಾತ್ರ ನಿಗದಿ ಮಾಡಬಹುದು. ಮನೆಮಂದಿ ಹೊರಬರಲು ಸಮಯ ಸಿಗುತ್ತದೆ. ಹೊದಿಕೆಯಿಲ್ಲದ ಉಕ್ಕು ಉರಿಯುವುದಿಲ್ಲವಾದರೂ 600 ಡಿಗ್ರಿಯ ಹತ್ತಿರ ತನ್ನ ಬಲದ ಅರ್ಧವನ್ನೇ ಕಳೆದುಕೊಂಡು ಬಾಗುತ್ತದೆ, ಮನೆಗೆ ಬಿದ್ದ ಬೆಂಕಿ ಆ ಶಾಖವನ್ನು ಸುಲಭವಾಗಿ ಮುಟ್ಟುತ್ತದೆ. ಅಪಾಯವಿರುವುದು ತೆಳ್ಳನೆಯ ಮರದಲ್ಲಿ. ಪ್ಲೈವುಡ್ಡಿನ ಸುಳ್ಳು ಚಾವಣಿ, ಅದರ ಮೇಲೆ ಹಾದುಹೋದ ಬಿಡಿ ವಿದ್ಯುತ್ ತಂತಿ, ಇವೆರಡು ಸೇರಿದ ಕಡೆ ನಾನು ಯಾವ ವಾದವನ್ನೂ ಹೂಡುವುದಿಲ್ಲ. ಅಲ್ಲಿ ಆಕ್ಷೇಪವೇ ಗೆದ್ದಿದೆ.

ಗೆದ್ದಲು ಮತ್ತು ಮಳೆಯ ವಿಚಾರದಲ್ಲಿ ಉತ್ತರ ಕೊಡುವ ಅಧಿಕಾರ ನನಗಿಂತ ಕರಾವಳಿಯ ಆಚಾರಿಗಳಿಗೆ ಹೆಚ್ಚು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕೆಳಗೆ ಕಲ್ಲು, ಮೇಲಂತಸ್ತುಗಳಲ್ಲಿ ಮರ, ಅದರ ಮೇಲೆ ತಾಮ್ರದ ಹೊದಿಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಅದು ನಿಂತಿರುವುದು ಐದು ಸರಳ ತಿಳಿವಳಿಕೆಗಳಿಂದ. ಮರ ಮಣ್ಣನ್ನು ಮುಟ್ಟಬಾರದು. ಕಂಬದ ಅಡಿಗೆ ಕಲ್ಲಿನ ಪೀಠ ಇರಬೇಕು. ಮಾಡು ಗೋಡೆಯಿಂದಾಚೆ ಉದ್ದಕ್ಕೆ ಚಾಚಬೇಕು. ಪಕ್ಕಾಸು, ರೀಪುಗಳಿಗೆ ಗಾಳಿ ಆಡಬೇಕು. ಹೊರಸುತ್ತಿನ ಬಿಳಿ ಮರ ತೆಗೆದು ಕೆಚ್ಚನ್ನು ಮಾತ್ರ ಬಳಸಬೇಕು. ಹೊನ್ನೆ, ಹೆಬ್ಬಲಸು, ಬೋಗಿ, ತೇಗ, ಹಲಸುಗಳ ಬಲಿತ ಕೆಚ್ಚಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಇನ್ನೂ ಒಳ್ಳೆಯದು. ಬೇಗ ಬೆಳೆದ ಸಿಲ್ವರ್ ಓಕ್, ಹೆಬ್ಬೇವುಗಳಿಗೆ ಈ ಬಲವಿಲ್ಲ. ಅವನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸಿ, ಮಳೆ ನೀರು ತಾಗದ ಒಳಭಾಗಕ್ಕೆ ಬಳಸಬೇಕು. ನೀರು ತಾಗಿದರೆ ಆ ಲವಣ ತೊಳೆದುಹೋಗುತ್ತದೆ. ಇಂಥ ವಿದ್ಯೆಗೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿನ ಜ್ಞಾನ ಹಳ್ಳಿಯ ಬಡಗಿಯ ತನಕ ಇಳಿಯಬೇಕು.

ಎಲ್ಲರೂ ಮರದ ಮನೆ ಕಟ್ಟಹೊರಟರೆ ಮರ ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. ನಾನು ಹೇಳುತ್ತಿರುವುದು ಇಡೀ ಮನೆಯ ಮಾತಲ್ಲ. ಅಡಿಪಾಯಕ್ಕೆ ಕಲ್ಲು, ಗೋಡೆಗೆ ಕೆಂಪುಕಲ್ಲೋ ಮಣ್ಣಿನ ಇಟ್ಟಿಗೆಯೋ ಸಾಕು. ಮಾಡು, ಅಟ್ಟ, ಬಾಗಿಲು, ಕಿಟಕಿ, ಮೆಟ್ಟಿಲುಗಳಲ್ಲಿ ಮರ ಬಂದರೆ ಸಿಮೆಂಟು, ಉಕ್ಕು ಎರಡೂ ಅತಿ ಹೆಚ್ಚು ಬೀಳುವ ತಾರಸಿಯ ಭಾಗ ತಪ್ಪುತ್ತದೆ. ನಾರ್ವೆಯ ಬ್ರುಮುಂಡಾಲಿನಲ್ಲಿ 2019ರಲ್ಲಿ 85 ಮೀಟರ್ ಎತ್ತರದ ಮರದ ಗೋಪುರ ಎದ್ದಿದೆ, ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ ಅದಕ್ಕಿಂತ ತುಸು ಎತ್ತರದ್ದು. ಹಲಗೆಗಳನ್ನು ಅಡ್ಡಉದ್ದ ಅಂಟಿಸಿ ಚಪ್ಪಡಿ ಮಾಡುವ ಆ ವಿದ್ಯೆಯನ್ನು ನಾನು ಗೌರವಿಸುತ್ತೇನೆ. ಹಡಗಿನಲ್ಲಿ ಬಂದ ಪೈನ್ ಚಪ್ಪಡಿಯಿಂದ ಬೆಂಗಳೂರಿನಲ್ಲಿ ಗೋಪುರ ಕಟ್ಟುವ ತುರ್ತು ನಮಗಿಲ್ಲ.

ಮೂರನೆಯ ಕಟ್ಟಳೆಗೆ ಸಾಕ್ಷಿ ಮಣಿಪಾಲದಲ್ಲಿದೆ. ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆಯನ್ನು, ಕುಕನೂರಿನ ಕಮಲ ಮಹಲನ್ನು ಮತ್ತೆ ಕಟ್ಟಲು ಸಾಧ್ಯವಾದದ್ದು ಕಂಬಕ್ಕೆ ತೊಲೆಯನ್ನು ತೂತು ಮತ್ತು ಗೂಟದಿಂದ ಕೂಡಿಸಿದ್ದರಿಂದ. ಕಾಂಕ್ರೀಟಿನ ಮನೆಯನ್ನು ಹಾಗೆ ಬಿಚ್ಚಿ ಜೋಡಿಸಲಾಗದು. ಅಂಟು ಹಚ್ಚಿ ಮೊಳೆ ಹೊಡೆದ ಪ್ಲೈವುಡ್ಡಿಗೂ ಆ ಯೋಗವಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಕಾಯ್ದೆಯ ತೊಡಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸಿಲ್ವರ್ ಓಕ್, ಸರ್ವೆಯಂಥ ಕೆಲವು ಮರಗಳಿಗೆ ವಿನಾಯಿತಿ ಕೊಟ್ಟಿದೆ. ತಾನೇ ನೆಟ್ಟ ತೇಗವನ್ನು ಕಡಿಯಲು, ಸಾಗಿಸಲು ರೈತ ಇಂದಿಗೂ ಕಚೇರಿಯ ಮೆಟ್ಟಿಲು ಹತ್ತಬೇಕು. ಕಾಡಿನ ಮರಕ್ಕೆ ಕಾವಲು ಬಿಗಿಯಾಗಲಿ, ನೆಟ್ಟ ಮರದ ದಾಖಲೆ ಪಹಣಿಯಲ್ಲೇ ಸೇರಿ ಕಡಿಯುವ ಅನುಮತಿ ಅಲ್ಲಿಂದಲೇ ಸಿಗುವಂತಾಗಲಿ. ಈ ವರ್ಷ ಮನೆ ಕಟ್ಟಲಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು: ಸಾಮಿಲ್ಲಿಗೆ ಹೋದಾಗ ಬೆಲೆ ಕೇಳುವ ಮೊದಲು ಈ ಮರ ಯಾರ ಜಮೀನಿನದು ಎಂದು ಕೇಳಿ, ಉತ್ತರ ಸಿಗದಿದ್ದರೆ ಕೊಳ್ಳಬೇಡಿ.